ತುಂಬಿದ ಗಾಡಿ ನಿಲ್ಲುವ ಜಾಗ

ಅವರು ನನ್ನನ್ನು ಕೇಳಿದ ಮೊದಲ ಮಾತೇ, “ಸರ, ನಿಮ್ಮ ತೂಕ ಎಷ್ಟ್ರಿ?”

ಶಹಾಪುರದ ಬಸ್ ನಿಲ್ದಾಣದ ಎದುರು ನಿಂತಿದ್ದೆ. ರಂಗಂಪೇಟೆ ದಾಟಿದ ಮೇಲೆ ಸಿಗುವ ಒಂದು ಹೈಸ್ಕೂಲಿಗೆ ಕನ್ನಡ ಮೇಷ್ಟ್ರಾಗಿ ವರ್ಗವಾಗಿ ಬಂದು ಇನ್ನೂ ವಾರವಾಗಿರಲಿಲ್ಲ. ಸುರಪುರದ ಬಸ್ಸು ದಿನವೂ ಕೈಕೊಡುತ್ತಿತ್ತು. ಒಂದು ಸಣ್ಣ ಬಿಳಿ ಕಾರು ಬಂದು ಎದುರಿಗೆ ನಿಂತಿತು. ಓಡಿಸುತ್ತಿದ್ದವರು ನಮ್ಮ ಶಾಲೆಯ ವಿಜ್ಞಾನದ ಟೀಚರ್, ಪಕ್ಕದಲ್ಲಿ ಹಿಂದಿ ಟೀಚರ್. ಹತ್ತಿಸಿಕೊಳ್ಳುತ್ತಾರೆಂದು ಬಾಗಿಲಿಗೆ ಕೈ ಹಾಕಿದರೆ ಈ ಪ್ರಶ್ನೆ. ನಾಚುತ್ತಲೇ ಹೇಳಿದೆ. ಅವರು ಒಂದು ಗಳಿಗೆ ಯೋಚಿಸಿ, “ಹಂಗಾದ್ರ ಎಡಕ್ಕ ಕೂಡ್ರಿ. ನನ್ನ ಹಿಂದ ಬ್ಯಾಡ,” ಎಂದರು.

ಹೋದ ತಿಂಗಳು ಅವರು ಯಾದಗಿರಿಯಲ್ಲಿ ನಿವೃತ್ತರಾದರು. ಬೀಳ್ಕೊಡುಗೆ ಬೇಡವೆಂದು ಮೊದಲೇ ಬರೆದುಕೊಟ್ಟಿದ್ದರಂತೆ. ಕೊನೆಯ ಪಿರಿಯಡ್ ಮುಗಿಸಿ, ಸೀಮೆಸುಣ್ಣದ ಕೈ ತೊಳೆದುಕೊಂಡು ಮನೆಗೆ ಹೋದರು ಎಂದು ಅಲ್ಲಿನವರೊಬ್ಬರು ಹೇಳಿದರು. ಸಭೆ ನಡೆದಿದ್ದರೆ, ನನ್ನನ್ನು ಕರೆದಿದ್ದರೆ, ಎದ್ದು ನಿಂತು ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಅವರ ವಿಷಯದಲ್ಲಿ ನಾನು ಮಾಡಿದ್ದನ್ನು ಬಿಟ್ಟು ಅವರ ಬಗ್ಗೆ ಮಾತಾಡಲು ನನಗೆ ಬರುವುದಿಲ್ಲ.

ಸಣ್ಣ ಮೈಕಟ್ಟಿನ ಹೆಂಗಸು. ಸೀಟಿನ ಮೇಲೆ ಮಡಿಚಿದ ಜಮಖಾನ ಹಾಕಿಕೊಂಡು ಕೂತರೆ ಮಾತ್ರ ರಸ್ತೆ ಸರಿಯಾಗಿ ಕಾಣುತ್ತಿತ್ತು. ಮದುವೆಯಾಗಿರಲಿಲ್ಲ. ಅವರಪ್ಪ ಯಾದಗಿರಿಯ ಗಂಜಿನಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ತೊಗರಿ ಶೇಂಗಾ ಚೀಲಗಳನ್ನು ತೂಗುವ ಕೆಲಸ ಮಾಡುತ್ತಿದ್ದವರು. ಅದರ ಗುಣವೋ ಏನೋ, ಇವರಿಗೆ ಎಲ್ಲವನ್ನೂ ಕೈಯಲ್ಲಿ ಎತ್ತಿ ನೋಡುವ ಚಟ. ಒಮ್ಮೆ ಒಂಬತ್ತನೇ ತರಗತಿಯ ಒಬ್ಬ ಹುಡುಗಿಯನ್ನು ಆಟದ ಮೈದಾನದ ಬೆಂಚಿನಿಂದ ಎತ್ತಿ ಕೆಳಗಿಳಿಸಿದವರು ಹಾಗೇ ನಿಂತುಬಿಟ್ಟರು. “ಯಾಕವ್ವ, ದೀಪಾವಳಿಗೆ ಇದ್ದಷ್ಟು ಇಲ್ಲಲ್ಲ ನೀ?” ಎಂದರು. ಹುಡುಗಿ ಏನೂ ಇಲ್ಲ ಎಂದಳು. ಮನೆಯವರೂ ಏನೂ ಇಲ್ಲ ಎಂದರು. ಇವರು ಬಿಡಲಿಲ್ಲ, ತಾವೇ ಕಾರಿನಲ್ಲಿ ಕೂರಿಸಿಕೊಂಡು ಸುರಪುರದ ಆಸ್ಪತ್ರೆಗೆ ಹೋದರು. ಕ್ಷಯ ಶುರುವಾಗಿತ್ತು. ಆರು ತಿಂಗಳು ಮಾತ್ರೆ ನುಂಗಿ ಹುಡುಗಿ ಚೇತರಿಸಿಕೊಂಡಳು. ಆ ಆರು ತಿಂಗಳೂ ಪ್ರತಿ ಸೋಮವಾರ ಅವಳನ್ನು ಸೊಂಟ ಹಿಡಿದು ಎತ್ತಿ ಇಳಿಸುತ್ತಿದ್ದರು.

ಕಾರಿನ ವಿಷಯದಲ್ಲಂತೂ ಅವರ ಕಾಟ ಹೇಳತೀರದು. ಹಿಂದಿ ಟೀಚರ್ ಮತ್ತು ನಾನು ದಿನದ ಗಿರಾಕಿಗಳು. ಬಸ್ಸು ತಪ್ಪಿದ ದಿನ ದೈಹಿಕ ಶಿಕ್ಷಣದ ಸರ್ ಮತ್ತು ಗಣಿತದ ಸರ್ ಸೇರಿಕೊಳ್ಳುತ್ತಿದ್ದರು. ಯಾರು ಎಲ್ಲಿ ಕೂರಬೇಕು, ಯಾವ ಚೀಲ ಎಲ್ಲಿಡಬೇಕು ಎಂಬುದೆಲ್ಲ ಅವರೇ ಹೇಳಬೇಕು. ಐದು ಜನ ಆದ ದಿನ ಹಿಂದಿನ ಚಕ್ರಕ್ಕೆ ಗಾಳಿ ಹೆಚ್ಚು ಹಾಕಿಸದೆ ಊರು ಬಿಡುತ್ತಿರಲಿಲ್ಲ. ಸುರಪುರದ ಗುಡ್ಡದ ಏರು ಬಂದರೆ ಏಸಿ ಬಂದ್. ರಸ್ತೆಯುಬ್ಬು ಬಂದರೆ ಕಾರನ್ನು ಓರೆಯಾಗಿ, ಒಂದೊಂದೇ ಚಕ್ರ ಏರಿಸಿ ಇಳಿಸುವುದು.

“ಇಷ್ಟ್ಯಾಕ್ರಿ ಮೇಡಂ, ಸಣ್ಣ ಗಾಡಿ ಅದ,” ಎಂದೆ ಒಮ್ಮೆ.

“ಸಣ್ಣ ಗಾಡಿ ಅದ ಅಂತನ,” ಎಂದರು. “ಲಾರಿಗೆ ನಾಕು ಮಂದಿ ಹೆಚ್ಚಾದ್ರ ಅದಕ್ಕ ಗೊತ್ತ ಆಗೂದಿಲ್ಲ. ಇದಕ್ಕ ಒಬ್ಬರು ಹತ್ತಿದ್ರೂ ನಡಿಗಿ ಬ್ಯಾರೆ ಆಗ್ತದ. ನಾ ಒಬ್ಬಾಕಿನ ಇದ್ದಾಗ ಗಾಳಿ ಹೇಳಿದಂಗ ಕೇಳ್ತದ, ಹತ್ತಿ ಲಾರಿ ಬಾಜು ಹಾದ್ರ ಬದಿಗೆ ಜಗ್ಗತದ. ನೀವೆಲ್ಲಾ ಕೂತ್ರ ಗಾಳಿಗೆ ಅಂಜೂದಿಲ್ಲ, ಆದ್ರ ನಿಲ್ಲು ಅಂದ್ರ ನಿಲ್ಲೂದಿಲ್ಲ.”

ಇದನ್ನು ಅವರು ಬಾಯಲ್ಲಿ ಹೇಳಿ ಬಿಟ್ಟವರಲ್ಲ. ಜಡತ್ವದ ಪಾಠ ಬಂದಾಗ ಹತ್ತನೇ ತರಗತಿಯವರನ್ನೆಲ್ಲ ಶಾಲೆಯ ಮೈದಾನಕ್ಕೆ ಕರೆತಂದು, ಅಡ್ಡಲಾಗಿ ಸುಣ್ಣದ ಗೆರೆ ಎಳೆಸಿದರು. ತಾವೊಬ್ಬರೇ ಕಾರು ಓಡಿಸಿಕೊಂಡು ಬಂದು ಗೆರೆಯ ಮೇಲೆ ಬ್ರೇಕು ಒತ್ತಿದರು. ಕಾರು ನಿಂತಲ್ಲಿ ಒಂದು ಕಲ್ಲು ಇಡಿಸಿದರು. ಆಮೇಲೆ ನಮ್ಮ ನಾಲ್ವರನ್ನೂ ಹತ್ತಿಸಿಕೊಂಡು ಅದೇ ವೇಗದಲ್ಲಿ ಬಂದು ಅದೇ ಗೆರೆಯ ಮೇಲೆ ಒತ್ತಿದರು. ಕಾರು ಕಲ್ಲನ್ನು ದಾಟಿ ಹೋಗಿ ನಿಂತಿತು. ಮಕ್ಕಳು ಹೆಜ್ಜೆ ಹಾಕಿ ಅಳೆದರು.

“ಬ್ರೇಕು ಅದೇ, ಕಾಲೂ ಅದೇ,” ಎಂದರು ಮಕ್ಕಳಿಗೆ. “ದಿನಾ ಒತ್ತಿದಷ್ಟ ಒತ್ತೀನಿ. ಹಂಗಾದ್ರ ಏನ ಮಾಡಬೇಕಿತ್ತು?”

“ಇನ್ನೂ ಜೋರು ಒತ್ತಬೇಕಿತ್ತ್ರಿ ಟೀಚರ್!”

“ಅದೂ ಖರೇ. ಅದಕ್ಕಿಂತ ಮೊದಲ?”

ಮಕ್ಕಳು ಒಮ್ಮೆ ಗೆರೆ, ಒಮ್ಮೆ ಕಲ್ಲು ನೋಡಿದರು.

“ಅದಕ್ಕಿಂತ ಮೊದಲ ಒತ್ತಬೇಕಿತ್ತು. ಗೆರಿ ಬರೂಕಿಂತ ಮೊದಲ.”

ಅವತ್ತು ಸ್ಟಾಫ್ ರೂಮಿನಲ್ಲಿ ನಾನು ಅವರಿಗೆ ‘ತಕ್ಕಡಿ ಮೇಡಂ’ ಎಂದು ಹೆಸರಿಟ್ಟೆ. ಎಲ್ಲರೂ ನಕ್ಕರು. ಹೆಸರಿಡುವುದರಲ್ಲಿ, ಮಾತು ಕಟ್ಟುವುದರಲ್ಲಿ ನನ್ನದು ಎತ್ತಿದ ಕೈ. ಶಾಲೆಯ ವರದಿ, ಸ್ವಾಗತ ಭಾಷಣ, ಮೇಲಿನವರಿಗೆ ಅರ್ಜಿ, ಎಲ್ಲವನ್ನೂ ನನ್ನಿಂದಲೇ ಬರೆಸುತ್ತಿದ್ದರು.

ಮರುವರ್ಷ ಪೂರ್ವಸಿದ್ಧತಾ ಪರೀಕ್ಷೆಯ ಮೊದಲ ದಿನ. ಶಹಾಪುರದಲ್ಲಿ ಒಬ್ಬ ನಿವೃತ್ತ ಗ್ರಂಥಪಾಲಕರು ಶಾಲೆಗೆಂದು ಕೊಟ್ಟ ಪುಸ್ತಕಗಳನ್ನು ನಾನು ಮೂರು ರಟ್ಟಿನ ಡಬ್ಬಿಗಳಲ್ಲಿ ಕಟ್ಟಿ ತಂದು ಕಾರಿನ ಹಿಂದೆ ಇಟ್ಟಿದ್ದೆ. ಅಷ್ಟರಲ್ಲಿ ದೈಹಿಕ ಶಿಕ್ಷಣದ ಸರ್, ಗಣಿತದ ಸರ್ ಇಬ್ಬರೂ ಓಡುತ್ತ ಬಂದರು. ಬಸ್ಸು ಬಂದೇ ಇರಲಿಲ್ಲ.

ಮೇಡಂ ಇಳಿದು ಹಿಂದೆ ಬಂದು ಚಕ್ರ ನೋಡಿದರು. ಒಂದು ಡಬ್ಬಿಯನ್ನು ಎತ್ತಿ ನೋಡಿ ಮತ್ತೆ ಅಲ್ಲೇ ಇಟ್ಟರು. “ಸರ, ಇವನ್ನ ಇಲ್ಲೇ ಅಂಗಡ್ಯಾಗ ಇಟ್ಟು ಹೋಗೂಣು. ನಾಳಿ ಒಯ್ಯೂಣು.”

“ಪುಸ್ತಕ ಅವರಿ ಮೇಡಂ, ಕಬ್ಬಿಣ ಅಲ್ಲ,” ಎಂದೆ. “ಪರೀಕ್ಷಾ ಟೈಮ್ ಆತು. ನಡೀರಿ.”

“ಚಕ್ರಕ್ಕ ಗಾಳಿನಾರ ಹಾಕಿಸ್ತೀನಿ.”

“ಇವತ್ತ ಬ್ಯಾಡ್ರಿ. ಹೆಡ್‌ಮಾಸ್ತರು ಎರಡು ಸಲ ಫೋನ್ ಮಾಡ್ಯಾರ.”

ಮುಂದೆ ಹಿಂದಿ ಟೀಚರ್, ಹಿಂದೆ ನಾವು ಮೂವರು ಗಂಡಸರು ಕೂತು ಬಾಗಿಲು ಹಾಕಿಕೊಂಡಿದ್ದೆವು. ಅವರು ಇನ್ನೊಮ್ಮೆ ಡಬ್ಬಿಗಳ ಕಡೆ ನೋಡಿ ಬಂದು ಕೂತರು. ಅವರು ಹಾಗೆ ಬಿಟ್ಟುಕೊಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹತ್ತಿಗೂಡೂರು ಕ್ರಾಸ್ ದಾಟಿ ಸ್ವಲ್ಪ ದೂರ ಹೋದರೆ ರಸ್ತೆ ಇಳಿಜಾರಾಗಿ ಕಾಲುವೆಯ ಕಡೆ ಹೊರಳುತ್ತದೆ. ನಾನು ಹಿಂದಿನ ಸೀಟಿನ ನಡುವೆ ಕೂತಿದ್ದೆ; ಮುಂದಿನ ಎರಡು ಸೀಟುಗಳ ಸಂದಿಯಿಂದ ರಸ್ತೆಯೆಲ್ಲ ಕಾಣುತ್ತಿತ್ತು. ಕುರಿಯ ಹಿಂಡೊಂದು ಎಡಗಡೆಯ ಹೊಲದಿಂದ ಬಲಗಡೆಗೆ ದಾಟುತ್ತಿತ್ತು. ಮುಕ್ಕಾಲು ಪಾಲು ದಾಟಿತ್ತು. ಕುರಿಗಾರ ರಸ್ತೆಯ ನಡುವೆ ನಮ್ಮ ಕಡೆಗೆ ಮುಖ ಮಾಡಿ ನಿಂತು, ಒಂದು ಕೈ ಎತ್ತಿ ನಿಲ್ಲಿ ಎಂದು ತೋರಿಸುತ್ತಿದ್ದ. ಇನ್ನೊಂದು ಕೈಯ ಕೋಲಿನಿಂದ ಹಿಂದೆ ಉಳಿದ ಕುರಿಗಳನ್ನು ಅಟ್ಟುತ್ತಿದ್ದ. ನಾನು ಅವನ ಅಂಗೈ ನೋಡಿದೆ. ಅಷ್ಟು ದೂರವಿತ್ತು, ಅಷ್ಟು ಹೊತ್ತೂ ಇತ್ತು.

ಮೇಡಂ ದಿನಾ ಒತ್ತುವ ಜಾಗದಲ್ಲಿ ಬ್ರೇಕು ಒತ್ತಿದರು. ಕಾರು ನಿಧಾನವಾಯಿತು, ನಿಲ್ಲಲಿಲ್ಲ. ಅವರು ಸೀಟಿನಿಂದ ಎದ್ದೇ ಒತ್ತಿದರು. ಟೈರು ಕಿರುಚಿತು. ಹಿಂದಿನಿಂದ ಪುಸ್ತಕದ ಡಬ್ಬಿಗಳು ಬಂದು ನನ್ನ ಸೀಟಿನ ಬೆನ್ನಿಗೆ ಗುದ್ದಿದವು. ಕೊನೆಯ ಗಳಿಗೆಯಲ್ಲಿ ಕುರಿಗಾರ ತಪ್ಪಿಸಿಕೊಳ್ಳಬಹುದಿತ್ತು. ಕಾಲ ಬಳಿ ಒಂದು ಮರಿ ಇತ್ತು, ಅದನ್ನು ತಳ್ಳಲು ಬಾಗಿದ. ಕಾರು ತಾಕಿ, ಅವನ ತಲೆ ಡಾಂಬರಿಗೆ ಬಡಿಯಿತು. ಎಡಗಾಲು ಚಕ್ರದ ಕೆಳಗೆ ಹೋಯಿತು. ಅಲ್ಲಿಗೆ ಕಾರು ನಿಂತಿತು.

ನಾವು ಇಳಿಯುವಷ್ಟರಲ್ಲಿ ಮೇಡಂ ಅವನ ಪಕ್ಕ ಕೂತು, ಸೆರಗು ಹರಿದು ಮೊಣಕಾಲಿನ ಮೇಲೆ ಬಿಗಿದು ಕಟ್ಟುತ್ತಿದ್ದರು. “ಡಬ್ಬಿ ಕೆಳಗ ಇಳಸ್ರಿ. ನೀವೂ ಎಲ್ಲಾರೂ ಇಳೀರಿ,” ಎಂದಷ್ಟೇ ಹೇಳಿದರು. ಹಿಂದಿ ಟೀಚರ್ ಹಿಂದಿನ ಸೀಟಿನಲ್ಲಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಕಾರು ಸುರಪುರಕ್ಕೆ ಹೋಯಿತು. ನಾವು ಮೂವರು ರಸ್ತೆಯ ಬದಿಯಲ್ಲಿ ಪುಸ್ತಕಗಳ ಜೊತೆ ನಿಂತೆವು. ಕುರಿಗಳು ಕಾಲುವೆಯ ದಂಡೆಯ ಮೇಲೆ ಚದುರಿ ಹೋಗಿದ್ದವು.

ಟೆಂಪೋ ಹಿಡಿದು ಆಸ್ಪತ್ರೆ ಮುಟ್ಟಿದಾಗ ಕುರಿಗಾರನಿಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ. ದೈಹಿಕ ಶಿಕ್ಷಣದ ಸರ್ ನಮ್ಮನ್ನು ಬೇವಿನ ಮರದ ಕೆಳಗೆ ಕರೆದರು. “ಮೇಡಂದು ನೌಕರಿ ಪ್ರಶ್ನೆ ಅದ. ಎಲ್ಲಾರೂ ಒಂದ ಮಾತು ಹೇಳಬೇಕು. ಸರ, ನೀವು ಚಂದಾಗಿ ಬರೀತೀರಿ, ಬರದುಬಿಡ್ರಿ.”

ಬರೆದೆ. ‘ಸದರಿ ಕುರಿಗಾಹಿಯು ಯಾವುದೇ ಮುನ್ಸೂಚನೆ ಇಲ್ಲದೆ ಏಕಾಏಕಿ ರಸ್ತೆಗೆ ಧಾವಿಸಿ ಬಂದ ಕಾರಣ, ಚಾಲಕಿಯು ಸಕಾಲದಲ್ಲಿ ಬ್ರೇಕು ಒತ್ತಿದಾಗ್ಯೂ ಅಪಘಾತ ಸಂಭವಿಸಿತು.’ ನಾಲ್ಕು ಪ್ರತಿ, ನಾಲ್ಕು ಹೆಸರು. ಒಂದೊಂದರಲ್ಲೂ ಒಂದೆರಡು ಪದ ಬದಲಿಸಿದೆ, ಒಬ್ಬನೇ ಬರೆದದ್ದೆಂದು ತಿಳಿಯದಿರಲಿ ಅಂತ; ಉಳಿದ ಮೂವರು ತಮ್ಮ ಕೈಯಿಂದ ನಕಲು ಮಾಡಿ ಸಹಿ ಹಾಕಿದರು. ಮೇಡಂ ಹೆಸರಿನ ಐದನೆಯದನ್ನು ಅವರಿಗೆ ಓದಲು ಕೊಟ್ಟೆ.

ಅವರ ಕೈಯಲ್ಲಿ ಇನ್ನೂ ರಕ್ತ ಇತ್ತು. ಕಾಗದವನ್ನು ಮುಟ್ಟದೆ, ನಾನು ಹಿಡಿದಿದ್ದಂತೆಯೇ ಓದಿದರು. “ಕನ್ನಡ ಚಲೋ ಅದ,” ಎಂದರು. “ಆದ್ರ ಅಂವ ಧಾವಿಸಲಿಲ್ಲಲ್ರಿ ಸರ. ನಿಂತಿದ್ದ.”

“ಮೇಡಂ, ನಿಮ್ಮ ಸಲುವಾಗೇ...”

“ನೀವು ನೋಡೀರಿ. ನಡುವ ಕೂತಿದ್ರಿ.”

ನಾನು ಕಾಗದವನ್ನು ಮಡಚಿದೆ.

“ನನಗ ಗೊತ್ತಿತ್ತು. ಹುಡುಗರಿಗೆ ಪಾಠ ಮಾಡೀನಿ. ಆದ್ರ ಗೊತ್ತಿದ್ದದ್ದು ತಲ್ಯಾಗಿತ್ತು, ಕಾಲಿಗೆ ಗೊತ್ತಿರಲಿಲ್ಲ. ಅದು ದಿನದ ಜಾಗಾದಾಗನ ಒತ್ತಿತು.”

ಠಾಣೆಗೆ ಹೋಗಿ ಅವರು ಹಾಗೆಯೇ ಬರೆದುಕೊಟ್ಟರು: ಅವನು ಕೈ ಎತ್ತಿ ನಿಂತಿದ್ದ, ದೂರದಿಂದಲೇ ಕಂಡೆ, ಗಾಡಿ ಭಾರವಿತ್ತು, ತಡವಾಗಿ ಬ್ರೇಕು ಒತ್ತಿದೆ, ತಪ್ಪು ನನ್ನದು. ನಮ್ಮ ನಾಲ್ವರ ಹೇಳಿಕೆಗಳೂ ಅದೇ ಫೈಲಿಗೆ ಸೇರಿದವು.

ಕುರಿಗಾರನ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಮೂರನೆಯ ದಿನ ಅವನಿಗೆ ಎಚ್ಚರವಾದಾಗ ಬೆಳಗ್ಗೆ ಹಟ್ಟಿಯಿಂದ ಕುರಿ ಬಿಟ್ಟದ್ದು ನೆನಪಿತ್ತು. ರಸ್ತೆ, ಕಾರು ಯಾವುದೂ ನೆನಪಿರಲಿಲ್ಲ. ಅವನ ಹೆಂಡತಿಗೆ ದೈಹಿಕ ಶಿಕ್ಷಣದ ಸರ್ ಆಗಲೇ ಹೇಳಿಯಾಗಿತ್ತು: “ನಿಮ್ಮಾಂವ ಒಮ್ಮಿಗೆ ಓಡಿ ಬಂದಾನವ್ವ. ಮೇಡಂ ದೇವರಂಥವರು, ತಾವ ದವಾಖಾನಿಗೆ ತಂದಾರ.” ಆ ಹೆಣ್ಣುಮಗಳು ನಮಗೆಲ್ಲ ಕೈ ಮುಗಿದಳು. ನನಗೂ ಮುಗಿದಳು.

ಶಾಲೆಯಲ್ಲಿ ಮೇಡಂ ಒಬ್ಬರೇ ಆದರು. ತಾವು ಸಿಕ್ಕಿಹಾಕಿಕೊಂಡದ್ದಲ್ಲದೆ ನಮ್ಮನ್ನೂ ಸುಳ್ಳುಗಾರರನ್ನಾಗಿ ಮಾಡಿದರು ಎಂಬ ಸಿಟ್ಟು ಎಲ್ಲರಿಗೂ. ಸುರಪುರದ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡರು. ದಂಡವಾಯಿತು, ಲೈಸೆನ್ಸು ಕೆಲವು ತಿಂಗಳು ಅಮಾನತಾಯಿತು, ಇಲಾಖೆಯಿಂದ ನೋಟಿಸು ಬಂತು. ಆ ತಿಂಗಳುಗಳಲ್ಲಿ ಅವರೂ ಬಸ್ಸಿನಲ್ಲಿ ಬರುತ್ತಿದ್ದರು, ನಾನೂ ಬರುತ್ತಿದ್ದೆ. ಅವರು ಮುಂದೆ ಕೂತರೆ ನಾನು ಹಿಂದೆ. ಹಿಂದಿ ಟೀಚರ್ ಮಾತ್ರ ಕೆಲವೊಮ್ಮೆ ಅವರ ಪಕ್ಕ ಕೂರುತ್ತಿದ್ದರು. ಆ ತಿರುವು ಬಂದಾಗ ಮೇಡಂ ಕಣ್ಣು ಮುಚ್ಚಿಕೊಳ್ಳುತ್ತಾರೆಂದು ಒಮ್ಮೆ ಹಿಂದಿ ಟೀಚರೇ ನನಗೆ ಹೇಳಿದರು. ಆಮೇಲೆ, “ನಾನೂ ಸಹಿ ಮಾಡೀನಲ್ರಿ ಸರ,” ಎಂದು ಅತ್ತರು.

ಲೈಸೆನ್ಸು ಮರಳಿ ಬಂದ ಮೇಲೆ ಮೇಡಂ ಅದೇ ಕಾರನ್ನು ಹೊರತೆಗೆದರು. ಪ್ರತಿ ಭಾನುವಾರ ಕುರಿಗಾರನ ಹಟ್ಟಿಗೆ ಹೋಗುತ್ತಿದ್ದರು. ಕೃತಕ ಕಾಲು ಹಾಕಿಸಲು ಅವನನ್ನು ಕಲಬುರಗಿಗೆ ನಾಲ್ಕೈದು ಸಲ ಕರೆದೊಯ್ದರು. ಮೊದಲ ಸಲ ಅವನು ಆ ಕಾರು ಹತ್ತಲಿಲ್ಲವಂತೆ. ಹೆದರಿ ಅಲ್ಲ. “ನಿಮ್ಮ ಗಾಡಿಗೆ ಅಡ್ಡ ಬಂದು ನಿಮ್ಮನ್ನ ಕೋರ್ಟು ಕಾಣಿಸಿದಾಂವ ನಾ. ಯಾವ ಮುಖ ಇಟಗೊಂಡು ಅದರಾಗ ಕೂಡ್ಲಿ?” ಎಂದನಂತೆ. ಮೇಡಂ ಎಷ್ಟು ಸಲ ತಪ್ಪು ನನ್ನದು ಎಂದರೂ ಅವನು ನಂಬಲಿಲ್ಲ. ಮೇಡಂ ದೊಡ್ಡ ಮನಸ್ಸಿನವರು, ತನ್ನ ಸಂಕಟ ನೋಡಲಾರದೆ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡಿದ್ದಾರೆ ಎಂದೇ ಹಟ್ಟಿಯವರೆಲ್ಲ ತಿಳಿದಿದ್ದರು. ಕುರಿಗಳನ್ನು ಮಾರಿದ್ದರು. ಹೆಂಡತಿ ಹತ್ತಿ ಬಿಡಿಸಲು ಹೋಗುತ್ತಿದ್ದಳು. ನೋಡಿ ನಡೆದಿದ್ದರೆ ಇದೆಲ್ಲ ಯಾಕಾಗುತ್ತಿತ್ತು ಎಂದು ಮನೆಯವರು ಅವನನ್ನು ಬೈಯುತ್ತಿದ್ದರಂತೆ.

ಇದನ್ನೆಲ್ಲ ಹಿಂದಿ ಟೀಚರ್ ಮೂಲಕ ಕೇಳುತ್ತಿದ್ದೆ. ಕೇಳಿ ಸುಮ್ಮನಿರುತ್ತಿದ್ದೆ.

ಒಂದೂವರೆ ವರ್ಷದ ಮೇಲೆ ಯಾದಗಿರಿಯ ಕೋರ್ಟಿನಿಂದ ನನಗೆ ಸಮನ್ಸು ಬಂತು. ಕುರಿಗಾರ ಪರಿಹಾರ ಕೇಳಿ ಹಾಕಿದ್ದ ಅರ್ಜಿ ವಿಚಾರಣೆಗೆ ಬಂದಿತ್ತು. ಅರ್ಜಿ ಹಾಕಿಸಿದವರು ಮೇಡಂ. ವಿಮೆಯವರ ವಕೀಲರು, ತಪ್ಪು ಕುರಿಗಾರನದೇ ಎಂದು ತೋರಿಸಲು ನನ್ನನ್ನು ಕರೆಸಿದ್ದರು. ಮೇಡಂ ಆಗಲೇ ಯಾದಗಿರಿಗೆ ವರ್ಗ ಮಾಡಿಸಿಕೊಂಡು ಹೋಗಿದ್ದರು. ಅಂದು ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಅವರ ಪಕ್ಕ ಕುರಿಗಾರ, ಅವನ ಹೆಂಡತಿ.

ವಕೀಲರು ನನ್ನ ಹೇಳಿಕೆಯನ್ನು ಗಟ್ಟಿಯಾಗಿ ಓದಿದರು. ಪದಗಳೆಲ್ಲ ನನ್ನವೇ. “ಇದು ನಿಮ್ಮದೇ ಅಕ್ಷರವೇ?”

“ಹೌದ್ರಿ.”

“ಇದರಲ್ಲಿರುವುದು ನಿಜವೇ?”

ನಾನು ಕುರಿಗಾರನ ಕಡೆ ನೋಡಿದೆ. ಅವನು ನನ್ನನ್ನು ನೋಡಿ ತಲೆಯಾಡಿಸಿದ. ಸಿಟ್ಟಿನಿಂದಲ್ಲ. ಇದ್ದದ್ದು ಹೇಳ್ರಿ ಸರ, ನನ್ನ ಸಲುವಾಗಿ ಸಂಕೋಚ ಮಾಡಬ್ಯಾಡ್ರಿ ಎಂಬಂತೆ. ನಾನು ಬರೆದದ್ದನ್ನು ಆ ಕೋರ್ಟಿನಲ್ಲಿ ಮನಸಾರೆ ನಂಬಿದ್ದವನು ಅವನೊಬ್ಬನೇ.

“ಅಲ್ರಿ,” ಎಂದೆ. “ಅಂವ ಓಡಿ ಬಂದಿಲ್ಲ. ಮೊದಲ ಅಲ್ಲೇ ನಿಂತಿದ್ದ, ಕೈ ಎತ್ತಿದ್ದ. ನಾನು ನೋಡೀನಿ. ನಾವ ನಿಲ್ಲಲಿಲ್ಲ.”

ಆಮೇಲೆ ವಕೀಲರು ನನ್ನನ್ನು ಹಿಂಡಿದರು. ಹಾಗಾದರೆ ಅಂದು ಸುಳ್ಳು ಬರೆದದ್ದೇಕೆ, ಉಳಿದ ಮೂರನ್ನು ಬರೆದವರಾರು ಎಂದೆಲ್ಲ ಕೇಳಿದರು. ಎಲ್ಲದಕ್ಕೂ ಉತ್ತರ ಹೇಳಿದೆ. ಡಬ್ಬಿಗಳ ಮಾತನ್ನೂ ಹೇಳಿದೆ, ಯಾರೂ ಕೇಳಿರಲಿಲ್ಲ. ತೀರ್ಪು ಬರಲು ಇನ್ನೂ ಕೆಲವು ತಿಂಗಳು ಹಿಡಿಯಿತು. ಅವನ ಪರವಾಗಿಯೇ ಬಂತು. ನನಗೂ ಇಲಾಖೆಯಿಂದ ಬರಬೇಕಾದದ್ದು ಬಂತು. ಅದಿರಲಿ.

ಅಂದು ಮಧ್ಯಾಹ್ನ ಕೋರ್ಟಿನ ಗೇಟಿನ ಹೊರಗೆ ನಿಂತಿದ್ದಾಗ ಮೇಡಂ ಕಾರು ತಂದು ನಿಲ್ಲಿಸಿದರು. ಅವರಿಬ್ಬರನ್ನು ಹಟ್ಟಿಗೆ ಬಿಡಲು ಹೊರಟಿದ್ದರು. “ಶಹಾಪುರಕ್ಕೇನ್ರಿ? ಕೂಡ್ರಿ,” ಎಂದರು. ಒಲ್ಲೆ ಎನ್ನುವ ಧೈರ್ಯವಾಗಲಿಲ್ಲ. ಮುಂದೆ ಕುರಿಗಾರ, ಹಿಂದೆ ಅವನ ಹೆಂಡತಿ ಮತ್ತು ನಾನು. ಕಾರು ಭೀಮಾ ಸೇತುವೆ ದಾಟಿತು.

“ಒಂದೂವರಿ ವರ್ಷ ತಡ ಮಾಡಿದ್ರಿ ಸರ,” ಎಂದರು ಮೇಡಂ, ರಸ್ತೆಯಿಂದ ಕಣ್ಣು ತೆಗೆಯದೆ.

“ಹೌದ್ರಿ.”

ಅಷ್ಟೇ. ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. ಮುಂದೆಯೂ ಅವರು ಆ ಮಾತು ಎತ್ತಲಿಲ್ಲ.

ಇನ್ನೂ ಸ್ವಲ್ಪ ದೂರ ಹೋದ ಮೇಲೆ ಕುರಿಗಾರ ಸೀಟಿನಲ್ಲಿ ಮೆಲ್ಲಗೆ ಹೊರಳಿದ. ಹಾಗೆ ಹೊರಳಲು ಅವನಿಗೆ ಕಾಲನ್ನು ಕೈಯಿಂದ ಎತ್ತಿ ಇಡಬೇಕಾಯಿತು. “ಸರ,” ಎಂದ, “ಒಳಗ ನೀವು ಅಂದ್ರಲ್ರಿ... ಅದು ಕೇಸಿನ ಸಲುವಾಗಿ ಅಂದಿದ್ದೇನ್ರಿ? ಇಲ್ಲಾ ಖರೇನ?”

“ಖರೇನಪ್ಪ.”

“ನಾ ಅಡ್ಡ ಬಂದಿದ್ದಿಲ್ಲೇನ್ರಿ?”

“ಇಲ್ಲ. ನೀ ನಿಂತಿದ್ದಿ. ನಮಗ ನಿಲ್ಲಂತ ಕೈ ತೋರಿಸಿದ್ದಿ. ನಿಂದೇನೂ ತಪ್ಪಿದ್ದಿಲ್ಲ.”

ಅವನು ಬಹಳ ಹೊತ್ತು ನನ್ನ ಮುಖ ನೋಡಿದ. ಪಕ್ಕದಲ್ಲಿದ್ದ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕಿಟಕಿಯ ಹೊರಗೆ ಮುಖ ಮಾಡಿದ್ದಳು. ಮೇಡಂ ಕಾರನ್ನು ನಿಧಾನ ಮಾಡುತ್ತ ಬಂದು, ರಸ್ತೆಯ ಬದಿಗೆ ಇಳಿಸಿ, ಇಂಜಿನ್ ಬಂದ್ ಮಾಡಿದರು. ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟು ಮುಂದೆ ನೋಡುತ್ತ ಕೂತರು.

“ಇನ್ನೊಮ್ಮಿ ಹೇಳ್ರಿ ಸರ,” ಎಂದ ಅವನು. “ನಮ್ಮಾಕಿ ಕಡೆ ನೋಡಿ ಹೇಳ್ರಿ.”